ಹಸುಗೂಸಿಗೆ ಮರುಪರೀಕ್ಷೆ: ಗಾಬರಿ ಬೇಡ, ಉದಾಸೀನವೂ ಬೇಡ

ಭದ್ರಾವತಿಯ ಕಾಗದನಗರದ ಒಂದು ಮನೆಯನ್ನು ಊಹಿಸಿಕೊಳ್ಳಿ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮಗಳು ತವರಿಗೆ ಬಂದು ಮೂರು ದಿನಗಳಾಗಿವೆ. ಮಗುವಿಗೆ ಆರು ದಿನ. ಅಜ್ಜಿ ಎಣ್ಣೆ ನೀರಿನ ಸಿದ್ಧತೆಯಲ್ಲಿದ್ದಾರೆ, ಅಜ್ಜ ನಾಮಕರಣಕ್ಕೆ ಯಾರು ಯಾರನ್ನು ಕರೆಯಬೇಕೆಂದು ಪಟ್ಟಿ ಮಾಡುತ್ತಿದ್ದಾರೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬರುತ್ತದೆ. ‘ಮಗುವಿನ ಒಂದು ಟೆಸ್ಟಿನಲ್ಲಿ ಸ್ವಲ್ಪ ಹೆಚ್ಚು ಬಂದಿದೆ. ಮಗುವನ್ನು ಕರೆದುಕೊಂಡು ಬನ್ನಿ, ಇನ್ನೊಮ್ಮೆ ರಕ್ತ ತೆಗೆಯಬೇಕು.’ ಇಷ್ಟು ಹೇಳಿ ಆ ಕಡೆಯವರು ಫೋನ್ ಇಟ್ಟುಬಿಡುತ್ತಾರೆ.

ಯಾವ ಟೆಸ್ಟು? ಏನು ಹೆಚ್ಚು? ಹೆಚ್ಚಾದರೆ ಏನಾಗುತ್ತದೆ? ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆ ರಾತ್ರಿ ಬಾಣಂತಿಗೆ ನಿದ್ದೆಯಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರಾಡುತ್ತಿದೆಯೇ ಎಂದು ನೋಡುತ್ತಾಳೆ. ಮರುದಿನ ಇಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಹಸಿ ಬಾಣಂತಿಯ ಪ್ರಯಾಣ. ರಕ್ತ ಕೊಟ್ಟು ಬಂದ ಮೇಲೆ ಮತ್ತೆರಡು ದಿನ ಕಾಯುವುದು. ಕೊನೆಗೆ ವರದಿ ಬರುತ್ತದೆ: ಎಲ್ಲವೂ ಸರಿಯಾಗಿದೆ, ಮಗುವಿಗೆ ಯಾವ ಕಾಯಿಲೆಯೂ ಇಲ್ಲ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಲ್ಲವೇ? ಬಹಳಷ್ಟು ಮನೆಗಳಲ್ಲಿ ಮುಗಿಯುತ್ತದೆ. ಆದರೆ ಕೆಲವು ಮನೆಗಳಲ್ಲಿ ಮುಗಿಯುವುದಿಲ್ಲ. ಮಗುವಿಗೆ ಆರು ತಿಂಗಳಾದರೂ ತಾಯಿಗೆ ‘ಅವತ್ತು ಏನೋ ಇತ್ತಂತಲ್ಲ’ ಎಂಬ ಅಳುಕು ಉಳಿದಿರುತ್ತದೆ. ಇಲ್ಲದ ಕಾಯಿಲೆಯ ಸುದ್ದಿ ಇರುವ ಮನಶ್ಶಾಂತಿಯನ್ನು ಕೆಡಿಸುತ್ತದೆ. ಇದೇಕೆ ಹೀಗೆ, ಇದನ್ನು ತಪ್ಪಿಸುವುದು ಹೇಗೆ ಎಂಬುದನ್ನು ಈ ವಾರ ತಿಳಿಯೋಣ.

ಸ್ಕ್ರೀನಿಂಗ್ ಎಂದರೇನು?

ಹುಟ್ಟಿದಾಗ ನೋಡಲು ಸಂಪೂರ್ಣ ಆರೋಗ್ಯವಾಗಿ ಕಾಣುವ ಕೆಲವು ಶಿಶುಗಳಲ್ಲಿ ಒಳಗೊಳಗೇ ಅಡಗಿರುವ ಕಾಯಿಲೆಗಳಿರುತ್ತವೆ. ಲಕ್ಷಣಗಳು ಹೊರಗೆ ಕಾಣಿಸಿಕೊಳ್ಳುವ ವೇಳೆಗೆ ಮಿದುಳಿಗೆ ಅಥವಾ ಬೇರೆ ಅಂಗಗಳಿಗೆ ಹಾನಿ ಆಗಿಹೋಗಿರುತ್ತದೆ. ಇಂಥ ಕಾಯಿಲೆಗಳನ್ನು ಮೊದಲ ವಾರದಲ್ಲೇ ಹುಡುಕುವುದಕ್ಕಾಗಿ ಎಲ್ಲ ಶಿಶುಗಳಿಗೂ ಮಾಡುವ ಸರಳ ಪರೀಕ್ಷೆಯೇ ಸ್ಕ್ರೀನಿಂಗ್. ಮಗುವಿನ ಹಿಮ್ಮಡಿಯನ್ನು ಸೂಜಿಯಿಂದ ಚುಚ್ಚಿ ಕೆಲವು ಹನಿ ರಕ್ತವನ್ನು ವಿಶೇಷವಾದ ಹೀರುಕಾಗದದ ಮೇಲೆ ತೆಗೆದುಕೊಳ್ಳುತ್ತಾರೆ. ಅದು ಒಣಗಿದ ಮೇಲೆ ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಹೀರುಕಾಗದದ ಈ ಉಪಾಯವನ್ನು ಬಳಕೆಗೆ ತಂದವರು ಅಮೆರಿಕದ ವಿಜ್ಞಾನಿ ರಾಬರ್ಟ್ ಗತ್ರಿ. ಅವರ ಸ್ವಂತ ಮಗನೇ ಬುದ್ಧಿಮಾಂದ್ಯನಾಗಿದ್ದ. ಅವರ ಹೆಂಡತಿಯ ತಂಗಿಯ ಮಗಳಿಗೆ ಫಿನೈಲ್‌ಕೀಟೋನ್ಯೂರಿಯ ಎಂಬ ಕಾಯಿಲೆಯಿತ್ತು. ಆಹಾರದ ಪಥ್ಯದಿಂದ ತಡೆಯಬಹುದಾಗಿದ್ದ ಈ ಕಾಯಿಲೆ ತಡವಾಗಿ ಪತ್ತೆಯಾದ್ದರಿಂದ ಅವಳ ಮಿದುಳಿಗೆ ಹಾನಿಯಾಗಿತ್ತು. 1960ರ ದಶಕದ ಆರಂಭದಲ್ಲಿ ಗತ್ರಿಯವರ ಪರೀಕ್ಷೆ ಅಮೆರಿಕದಲ್ಲಿ ಬಳಕೆಗೆ ಬಂದು ಮುಂದೆ ಬೇರೆ ದೇಶಗಳಿಗೂ ಹರಡಿತು.

ನಮ್ಮ ಕರ್ನಾಟಕವೂ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1980ರ ದಶಕದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿರಾವ್ ಮತ್ತು ಅವರ ಸಹೋದ್ಯೋಗಿಗಳು ರಾಜ್ಯದ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಗಳಿಗಾಗಿ ಪರೀಕ್ಷಿಸಿದರು. ನವಜಾತ ಶಿಶುಗಳ ಸ್ಕ್ರೀನಿಂಗ್ ವಿಷಯದಲ್ಲಿ ದೇಶದಲ್ಲೇ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಇದೂ ಒಂದು.

ಇಂದು ನಮ್ಮಲ್ಲಿ ಮುಖ್ಯವಾಗಿ ಹುಡುಕುವುದು ಹುಟ್ಟಿನಿಂದ ಬರುವ ಥೈರಾಯ್ಡ್ ಕೊರತೆಯನ್ನು. ಇದರ ಜೊತೆಗೆ ಅಡ್ರಿನಲ್ ಗ್ರಂಥಿಯ ದೋಷ, ಜಿ-6-ಪಿ.ಡಿ. ಎಂಬ ಕಿಣ್ವದ ಕೊರತೆ, ಗ್ಯಾಲಕ್ಟೋಸೀಮಿಯ ಮೊದಲಾದವುಗಳಿಗೂ ಹಲವು ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡುತ್ತಾರೆ. ಕಿವಿ ಕೇಳಿಸುತ್ತದೆಯೇ ಎಂದು ನೋಡುವ ಪರೀಕ್ಷೆ, ಬೆರಳಿಗೆ ಸಾಧನ ಹಾಕಿ ರಕ್ತದ ಆಮ್ಲಜನಕ ನೋಡುವ ಪರೀಕ್ಷೆ ಇವೂ ಸ್ಕ್ರೀನಿಂಗಿನ ಭಾಗಗಳೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲೂ ಹುಟ್ಟು ದೋಷಗಳ ತಪಾಸಣೆ ಸೇರಿದೆ.

ಜರಡಿಯ ಲೆಕ್ಕ

ಸ್ಕ್ರೀನಿಂಗ್ ರೋಗನಿರ್ಣಯವಲ್ಲ. ಇದೊಂದು ಜರಡಿ. ನಮಗೆ ಬೇಡವಾದ ಒಂದೇ ಒಂದು ಕಲ್ಲೂ ಕೆಳಗೆ ಜಾರಬಾರದು ಎಂದಾದರೆ ಜರಡಿಯ ಕಣ್ಣುಗಳು ಸಣ್ಣದಾಗಿರಬೇಕು. ಕಣ್ಣು ಸಣ್ಣದಾದಷ್ಟೂ ಕಲ್ಲಿನ ಜೊತೆಗೆ ಒಳ್ಳೆಯ ಕಾಳುಗಳೂ ಮೇಲೆ ನಿಲ್ಲುತ್ತವೆ. ಆಮೇಲೆ ಅವುಗಳನ್ನು ಕೈಯಲ್ಲಿ ಆರಿಸಬೇಕಾಗುತ್ತದೆ. ಹೀಗೆ ಮೇಲೆ ನಿಂತ ಒಳ್ಳೆಯ ಕಾಳುಗಳೇ ‘ಹುಸಿ ಪಾಸಿಟಿವ್’ ಶಿಶುಗಳು. ಕೈಯಲ್ಲಿ ಆರಿಸುವ ಕೆಲಸವೇ ಮರುಪರೀಕ್ಷೆ.

ಲೆಕ್ಕದ ಮೂಲಕ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ ಐದು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿತು. 2018ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ ಹುಟ್ಟಿನ ಥೈರಾಯ್ಡ್ ಕೊರತೆ 1,172 ಶಿಶುಗಳಲ್ಲಿ ಒಂದಕ್ಕೆ ಇರುತ್ತದೆ. ಎಂದರೆ ಹತ್ತು ಸಾವಿರ ಶಿಶುಗಳಲ್ಲಿ ಎಂಟೋ ಒಂಬತ್ತೋ. ಈಗ ಒಂದು ಉದಾಹರಣೆಗಾಗಿ, ಹತ್ತು ಸಾವಿರ ಶಿಶುಗಳಲ್ಲಿ ನೂರಕ್ಕೆ ಒಂದರಂತೆ ನೂರು ಶಿಶುಗಳನ್ನು ಮರುಪರೀಕ್ಷೆಗೆ ಕರೆದರು ಎಂದುಕೊಳ್ಳಿ. ಕಾಯಿಲೆ ಇರುವ ಎಂಟೊಂಬತ್ತು ಶಿಶುಗಳೂ ಆ ನೂರರಲ್ಲಿ ಸಿಕ್ಕವು ಎಂದರೂ ಉಳಿದ ತೊಂಬತ್ತಕ್ಕೂ ಹೆಚ್ಚು ಶಿಶುಗಳು ಆರೋಗ್ಯವಂತರೇ.

ಆದ್ದರಿಂದ ‘ಮತ್ತೆ ಬನ್ನಿ’ ಎಂದು ಕರೆ ಬಂದರೆ ಅದರ ಅರ್ಥ ‘ನಿಮ್ಮ ಮಗುವಿಗೆ ಕಾಯಿಲೆ ಇದೆ’ ಎಂದಲ್ಲ. ‘ಕಾಯಿಲೆ ಇಲ್ಲ ಎಂದು ಹೇಳುವ ಮೊದಲು ಇನ್ನೊಮ್ಮೆ ನೋಡಬೇಕು’ ಎಂದು. ಆದರೆ ನೂರರಲ್ಲಿ ಆ ಎಂಟೊಂಬತ್ತು ಶಿಶುಗಳು ಯಾವುವು ಎಂಬುದು ಮರುಪರೀಕ್ಷೆಯಿಲ್ಲದೆ ದೇವರಿಗೂ ಗೊತ್ತಾಗದು! ಆದ್ದರಿಂದ ಗಾಬರಿ ಎಷ್ಟು ತಪ್ಪೋ ಉದಾಸೀನವೂ ಅಷ್ಟೇ ತಪ್ಪು.

ಹುಸಿ ಸೂಚನೆ ಏಕೆ ಬರುತ್ತದೆ?

ಇದಕ್ಕೆ ಪ್ರಯೋಗಾಲಯದವರ ತಪ್ಪೇ ಕಾರಣವಾಗಬೇಕೆಂದಿಲ್ಲ. ಮಗುವಿನ ಶರೀರದ ಸಹಜ ಕ್ರಿಯೆಯೇ ಹಲವು ಬಾರಿ ಕಾರಣವಾಗುತ್ತದೆ.

ಥೈರಾಯ್ಡ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಥೈರಾಯ್ಡ್ ಗ್ರಂಥಿಗೆ ‘ಕೆಲಸ ಮಾಡು’ ಎಂದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕಳಿಸುವ ಆಜ್ಞೆಯೇ ಟಿ.ಎಸ್.ಎಚ್. ಎಂಬ ಹಾರ್ಮೋನು. ತಾಯಿಯ ಬೆಚ್ಚನೆಯ ಗರ್ಭದಿಂದ ಹೊರಗಿನ ತಂಪಿಗೆ ಬಂದ ಕೂಡಲೇ ಮಗುವಿನಲ್ಲಿ ಈ ಹಾರ್ಮೋನು ಒಮ್ಮೆಲೇ ಏರುತ್ತದೆ. ಹುಟ್ಟಿದ ಮೊದಲ ಗಂಟೆಯಲ್ಲಿ ಅದು 60ರಿಂದ 80 ಯೂನಿಟ್‌ಗಳವರೆಗೂ ಹೋಗಬಹುದು. ನಂತರ ಒಂದೆರಡು ದಿನಗಳಲ್ಲಿ ಬೇಗ ಬೇಗ ಇಳಿಯುತ್ತದೆ. ಅದಕ್ಕಾಗಿಯೇ ಹುಟ್ಟಿದ 48ರಿಂದ 72 ಗಂಟೆಗಳ ನಡುವೆ ರಕ್ತ ತೆಗೆಯುವುದು ಉತ್ತಮ ಎನ್ನುತ್ತಾರೆ. ಹೊಕ್ಕುಳಬಳ್ಳಿಯ ರಕ್ತದಲ್ಲೂ ಈ ಪರೀಕ್ಷೆ ಮಾಡಬಹುದು, ಅದರ ಮಟ್ಟಗಳೇ ಬೇರೆ. ಬೇಗ ಮನೆಗೆ ಹೋಗುವ ಅವಸರದಲ್ಲಿ ಹುಟ್ಟಿದ ಮರುದಿನ ಬೆಳಿಗ್ಗೆಯೇ ಹಿಮ್ಮಡಿಯ ರಕ್ತ ತೆಗೆದರೆ, ಇನ್ನೂ ಇಳಿಯುತ್ತಿರುವ ಸಹಜ ಏರಿಕೆಯೇ ಕಾಯಿಲೆಯ ಸೂಚನೆಯಂತೆ ಕಾಣಬಹುದು. ನಾವು ಮೊದಲು ಹೇಳಿದ ಭದ್ರಾವತಿಯ ಮಗುವಿನಲ್ಲಿ ಆಗಿದ್ದು ಇದೇ ಎಂದು ಇಟ್ಟುಕೊಳ್ಳಿ. ಆ ತಾಯಿಗೆ ಫೋನಿನಲ್ಲಿ ಈ ಒಂದು ಮಾತು ಹೇಳಿದ್ದರೆ ಅವಳ ಒಂದು ರಾತ್ರಿಯ ನಿದ್ದೆಯಾದರೂ ಉಳಿಯುತ್ತಿತ್ತು.

ಬೇರೆ ಕಾರಣಗಳೂ ಇವೆ. ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ ಅಥವಾ ಹುಟ್ಟುವಾಗ ಕಷ್ಟಪಟ್ಟ ಶಿಶುಗಳಲ್ಲಿ ಅಡ್ರಿನಲ್ ಗ್ರಂಥಿಯ ಪರೀಕ್ಷೆ ಹುಸಿಯಾಗಿ ಹೆಚ್ಚು ತೋರಿಸುತ್ತದೆ. ತಾಯಿಗೆ ಅಥವಾ ಮಗುವಿನ ಹೊಕ್ಕುಳಿಗೆ ಅಯೋಡಿನ್ ಇರುವ ಔಷಧ ಹಚ್ಚಿದ್ದರೆ ಥೈರಾಯ್ಡ್ ಪರೀಕ್ಷೆ ಕೆಲವು ದಿನ ಏರುಪೇರಾಗಬಹುದು. ಇನ್ನೊಂದು ಕಾರಣವನ್ನು ಮಲೆನಾಡಿನವರಾದ ನಾವು ವಿಶೇಷವಾಗಿ ತಿಳಿದಿರಬೇಕು. ಜಿ-6-ಪಿ.ಡಿ., ಗ್ಯಾಲಕ್ಟೋಸೀಮಿಯದಂಥ ಪರೀಕ್ಷೆಗಳಲ್ಲಿ ಅಳೆಯುವುದು ಕಿಣ್ವಗಳನ್ನು. ತೇವ ಮತ್ತು ಸೆಕೆಯಲ್ಲಿ ಈ ಕಿಣ್ವಗಳು ಹಾಳಾಗುತ್ತವೆ. ಮಳೆಗಾಲದಲ್ಲಿ ರಕ್ತದ ಕಾಗದ ಸರಿಯಾಗಿ ಒಣಗದೆ, ತೇವದಲ್ಲಿಯೇ ದೂರದ ಪ್ರಯೋಗಾಲಯಕ್ಕೆ ಹೋದರೆ ಮಗುವಿನಲ್ಲಿ ಕಿಣ್ವ ಸರಿಯಾಗಿದ್ದರೂ ಕಡಿಮೆ ಎಂದು ವರದಿ ಬರಬಹುದು. ಕಾಗದವನ್ನು ಬಿಸಿಲಿಗೆ ಹಿಡಿಯದೆ, ಒಲೆಯ ಹತ್ತಿರ ಇಡದೆ, ನೆರಳಿನಲ್ಲಿ ಕನಿಷ್ಠ ಮೂರು ಗಂಟೆ ಒಣಗಿಸಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ.

ಕಿವಿಯ ಪರೀಕ್ಷೆಯಲ್ಲೂ ಹೀಗೆಯೇ. ಮಗುವಿನ ಕಿವಿಗೆ ಸಣ್ಣ ಸಾಧನ ಇಟ್ಟು ಒಳಕಿವಿಯ ಪ್ರತಿಧ್ವನಿ ಹಿಡಿಯುವ ಪರೀಕ್ಷೆಯಲ್ಲಿ ‘ಪಾಸ್’ ಅಥವಾ ‘ರೆಫರ್’ ಎಂದು ಬರುತ್ತದೆ. ‘ರೆಫರ್’ ಎಂದರೆ ‘ಮುಂದಿನ ಪರೀಕ್ಷೆಗೆ ಕಳಿಸಿ’ ಎಂದಷ್ಟೇ. ಅದನ್ನು ಕೆಲವರು ‘ಫೇಲ್’ ಎಂದು ಓದಿಕೊಂಡು ಮಗು ಕಿವುಡೆಂದು ಅತ್ತುಬಿಡುತ್ತಾರೆ. ಹುಟ್ಟಿದ ಮೊದಲ ಒಂದೆರಡು ದಿನ ಕಿವಿಯ ನಾಳದಲ್ಲಿ ಬಿಳಿಯ ಮೇಣದಂಥ ಪದಾರ್ಥ, ಮಧ್ಯಕಿವಿಯಲ್ಲಿ ನೀರು ಇರುವುದು ಸಾಮಾನ್ಯ. ಮಗು ಅಳುತ್ತಿದ್ದರೂ, ಕೋಣೆಯಲ್ಲಿ ಗದ್ದಲವಿದ್ದರೂ ‘ರೆಫರ್’ ಬರಬಹುದು. ಕೆಲವು ದಿನಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಹೆಚ್ಚಿನ ಮಕ್ಕಳು ‘ಪಾಸ್’ ಆಗುತ್ತಾರೆ. ಆಗಲೂ ‘ರೆಫರ್’ ಬಂದರೆ ಮೂರು ತಿಂಗಳೊಳಗೆ ಪೂರ್ಣ ಪರೀಕ್ಷೆ, ದೋಷವಿದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಆರಂಭವಾಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇಂಥ ಪರೀಕ್ಷೆಗಳಿಗೆ ಹೆಸರಾದದ್ದು.

ಹೆತ್ತವರ ಮನಸ್ಸಿನಲ್ಲಿ ಉಳಿಯುವುದೇನು?

ಹೆರಿಗೆಯಾದ ಮೊದಲ ವಾರ ತಾಯಿಯ ಮನಸ್ಸು ಮೊದಲೇ ಮೃದುವಾಗಿರುತ್ತದೆ. ಹಾರ್ಮೋನುಗಳ ಏರುಪೇರು, ನಿದ್ದೆಗೇಡು, ಹೊಲಿಗೆಯ ನೋವು, ಹಾಲು ಸಾಕಾಗುತ್ತದೋ ಇಲ್ಲವೋ ಎಂಬ ಚಿಂತೆ ಎಲ್ಲವೂ ಒಟ್ಟಿಗೇ ಇರುತ್ತವೆ. ಸಣ್ಣ ಕಾರಣಕ್ಕೂ ಅಳು ಬರುವ ಸಮಯ ಅದು. ಆಗಲೇ ಈ ಸುದ್ದಿ ಬರುತ್ತದೆ. ಆತಂಕ ಹೆಚ್ಚಾದಾಗ ಎದೆಹಾಲು ಸರಾಗವಾಗಿ ಇಳಿಯುವುದಿಲ್ಲ. ಹಾಲು ಇಳಿಯದಿದ್ದರೆ ಮಗು ಅಳುತ್ತದೆ. ಮಗು ಅತ್ತರೆ ‘ಕಾಯಿಲೆ ಇರುವುದಕ್ಕೇ ಅಳುತ್ತಿದೆ’ ಎಂದು ತಾಯಿಯ ಆತಂಕ ಇನ್ನೂ ಹೆಚ್ಚುತ್ತದೆ.

ಈ ಬಗ್ಗೆ ವೈದ್ಯರು ಬಹಳ ಹಿಂದಿನಿಂದಲೂ ಯೋಚಿಸಿದ್ದಾರೆ. ಸ್ವೀಡನ್ ದೇಶದಲ್ಲಿ ಥೈರಾಯ್ಡ್ ಪರೀಕ್ಷೆಯ ಹುಸಿ ಪಾಸಿಟಿವ್ ಬಂದಿದ್ದ ಸುಮಾರು ನೂರು ಕುಟುಂಬಗಳನ್ನು ನಾಲ್ಕು ವರ್ಷಗಳ ನಂತರ ವಿಚಾರಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಸುಮಾರು ಐದರಲ್ಲಿ ಒಂದು ಕುಟುಂಬದಲ್ಲಿ ಮಗುವಿನ ಆರೋಗ್ಯದ ಬಗ್ಗೆ ಅಳುಕು ಆಗಲೂ ಉಳಿದಿತ್ತು. ಅಮೆರಿಕದಲ್ಲಿ ಸೂಸನ್ ವೈಸ್‌ಬ್ರೆನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಸಿ ಪಾಸಿಟಿವ್ ಬಂದಿದ್ದ ಮಕ್ಕಳ ತಾಯಂದಿರಲ್ಲಿ ಮಾನಸಿಕ ಒತ್ತಡ ಹೆಚ್ಚಾಗಿತ್ತು. ಆ ಮಕ್ಕಳಲ್ಲಿ ನೂರಕ್ಕೆ 21 ಮಂದಿ ಮುಂದೆ ಆಸ್ಪತ್ರೆಗೆ ದಾಖಲಾಗಿದ್ದರು, ಉಳಿದ ಮಕ್ಕಳಲ್ಲಿ ಹೀಗೆ ದಾಖಲಾದವರು ನೂರಕ್ಕೆ 10. ಅದಕ್ಕೆ ತಂದೆತಾಯಿಯರ ಹೆದರಿಕೆಯೊಂದೇ ಕಾರಣವೆಂದು ಹೇಳಲಾಗದು, ಹುಸಿ ಪಾಸಿಟಿವ್ ಬರುವ ಮಕ್ಕಳಲ್ಲಿ ತೂಕ ಕಡಿಮೆಯವರೂ ಇರುತ್ತಾರಲ್ಲ. ಎಲ್ಲ ಅಧ್ಯಯನಗಳಲ್ಲೂ ಆತಂಕ ದೀರ್ಘಕಾಲ ಉಳಿದದ್ದು ಕಂಡಿಲ್ಲ ಎಂಬುದನ್ನೂ ಹೇಳಬೇಕು. ಕೆಲವೇ ತಿಂಗಳಲ್ಲಿ ಅದನ್ನು ಮರೆತವರು ಬಹಳ ಮಂದಿ.

ಇವೆಲ್ಲಕ್ಕಿಂತ ನಮಗೆ ಉಪಯೋಗವಾಗುವ ಮಾತು 2006ರ ಇನ್ನೊಂದು ಅಮೆರಿಕನ್ ಅಧ್ಯಯನದ್ದು. ಮರುಪರೀಕ್ಷೆ ಏಕೆ ಬೇಕಾಯಿತು ಎಂಬುದರ ಸರಿಯಾದ ಕಾರಣ ತಿಳಿದಿದ್ದ ತಾಯಂದಿರಲ್ಲಿ, ಅದು ತಿಳಿಯದವರಿಗಿಂತ ಒತ್ತಡ ಕಡಿಮೆಯಿತ್ತು. ಹೆಚ್ಚು ಕಾಡುವುದು ಸೂಜಿಯಲ್ಲ, ಅರ್ಧಂಬರ್ಧ ಸುದ್ದಿ.

ಮಗು ಒಮ್ಮೆ ಅಪಾಯದಲ್ಲಿತ್ತು ಎಂದು ನಂಬಿದ ತಂದೆತಾಯಿಯರು ಅದು ಚೆನ್ನಾದ ಮೇಲೂ ಅದನ್ನು ಗಾಜಿನ ಗೊಂಬೆಯಂತೆ ಬೆಳೆಸುವುದನ್ನು 1964ರಲ್ಲೇ ಗ್ರೀನ್ ಮತ್ತು ಸಾಲ್ನಿಟ್ ಎಂಬ ಇಬ್ಬರು ಅಮೆರಿಕದ ವೈದ್ಯರು ವಿವರಿಸಿದ್ದರು. ಸ್ವಲ್ಪ ಸೀನಿದರೂ ಡಾಕ್ಟರ ಬಳಿಗೆ ಓಡುವುದು, ಮಗುವನ್ನು ಬೇರೆ ಯಾರ ಕೈಗೂ ಕೊಡದಿರುವುದು, ರಾತ್ರಿ ಪ್ರತ್ಯೇಕವಾಗಿ ಮಲಗಲು ಬಿಡದಿರುವುದು, ದೊಡ್ಡದಾದ ಮೇಲೂ ಆಟಕ್ಕೆ ಕಳಿಸದಿರುವುದು ಇದರ ಲಕ್ಷಣಗಳು. ನಮ್ಮ ಮನೆಗಳಲ್ಲಿ ‘ಪಾಪ, ನಮ್ಮ ಪುಟ್ಟಿ ಮೊದಲಿನಿಂದಲೂ ಸೂಕ್ಷ್ಮ’ ಎಂಬ ಮಾತಿನಲ್ಲಿ ಇದು ಅಡಗಿರುತ್ತದೆ. ಆರೋಗ್ಯವಂತ ಮಗುವಿಗೆ ಇದರಿಂದ ಆಗುವ ಹಾನಿ ಕಡಿಮೆಯೇನಲ್ಲ.

ಮನೆಯವರ ಮಾತು

ಬಾಣಂತಿಯ ಸುತ್ತ ಹತ್ತು ಜನ ಇರುತ್ತಾರೆ, ಹತ್ತು ಮಾತು ಇರುತ್ತದೆ. ಅವರಲ್ಲಿ ಹೆಚ್ಚಿನವರು ಪ್ರೀತಿಯಿಂದಲೇ ಮಾತನಾಡುವವರು. ಆದರೂ ಕೆಲವು ಮಾತುಗಳು ನೋಯಿಸುತ್ತವೆ.

‘ಮಗು ಇಷ್ಟು ಚೆನ್ನಾಗಿ ಹಾಲು ಕುಡೀತಿದೆಯಲ್ಲೇ, ಏನೂ ಆಗಿಲ್ಲ, ಹಸಿ ಮೈಯಲ್ಲಿ ಶಿವಮೊಗ್ಗಕ್ಕೆ ಹೋಗೋದು ಬೇಡ’ ಎಂದು ಅಜ್ಜಿ ಹೇಳಬಹುದು. ಈ ಮಾತು ಸಮಾಧಾನ ಕೊಡುತ್ತದೆ, ಆದರೆ ಅಪಾಯಕಾರಿ. ಥೈರಾಯ್ಡ್ ಕೊರತೆ ಇರುವ ಮಗುವೂ ಮೊದಮೊದಲು ಚೆನ್ನಾಗಿಯೇ ಕಾಣುತ್ತದೆ. ತಾಯಿಯ ಹಾರ್ಮೋನು ಮಾಸದ ಮೂಲಕ ಗರ್ಭದಲ್ಲಿ ಸಿಕ್ಕಿರುವುದೇ ಇದಕ್ಕೆ ಕಾರಣ. ತುಂಬ ಮಲಗುವ, ಅಳದ ಮಗುವನ್ನು ‘ಎಷ್ಟು ಒಳ್ಳೆಯ ಮಗು’ ಎಂದು ಹೊಗಳುವುದೂ ಉಂಟು!

‘ನಮ್ಮ ವಂಶದಲ್ಲಿ ಯಾರಿಗೂ ಇಂಥದ್ದಿಲ್ಲ’ ಎಂಬ ಮಾತು ಗಂಡನ ಮನೆಯ ಕಡೆಯಿಂದ ಬಂದರೆ ಅದು ನೇರವಾಗಿ ಸೊಸೆಯ ತಲೆಯ ಮೇಲೆ ಬೀಳುತ್ತದೆ. ಹುಸಿ ಪಾಸಿಟಿವ್‌ನಲ್ಲಿ ಯಾವ ವಂಶದ ದೋಷವೂ ಇಲ್ಲ. ನಿಜವಾದ ಥೈರಾಯ್ಡ್ ಕೊರತೆಯಲ್ಲೂ ಹೆಚ್ಚಿನ ಪಾಲು, ಗ್ರಂಥಿ ಸರಿಯಾಗಿ ಬೆಳೆಯದೆ ಬರುವಂಥದ್ದು, ಅದು ಸಾಮಾನ್ಯವಾಗಿ ತಲೆಮಾರಿನಿಂದ ಬಂದಿರುವುದಿಲ್ಲ. ಸೋದರಮಾವ, ಅತ್ತೆಯ ಮಗ ಮುಂತಾದ ಹತ್ತಿರದ ಸಂಬಂಧದ ಮದುವೆಗಳಲ್ಲಿ ಕೆಲವು ಅನುವಂಶೀಯ ಕಾಯಿಲೆಗಳು ಹೆಚ್ಚು ಎಂಬುದು ನಿಜ. ಹಾಗಿದ್ದಾಗಲೂ ಆ ದೋಷದ ಅಂಶ ತಂದೆ ತಾಯಿ ಇಬ್ಬರಿಂದಲೂ ಬಂದಿರಬೇಕು. ಒಬ್ಬರನ್ನೇ ದೂರುವುದರಲ್ಲಿ ಅರ್ಥವಿಲ್ಲ.

ಗ್ರಹಣದಲ್ಲಿ ಹೊರಗೆ ಹೋದದ್ದು, ಬಸುರಿಯಲ್ಲಿ ಏನೋ ತಿಂದದ್ದು, ಯಾರದೋ ದೃಷ್ಟಿ ತಗುಲಿದ್ದು ಇವು ಯಾವುವೂ ರಕ್ತಪರೀಕ್ಷೆಯ ಫಲಿತಾಂಶವನ್ನು ಬದಲಿಸುವುದಿಲ್ಲ. ದೃಷ್ಟಿ ತೆಗೆದರೆ ಮನೆಯವರಿಗೆ ಸಮಾಧಾನವಾಗುವುದಾದರೆ ತೆಗೆಯಲಿ. ಆದರೆ ಅದನ್ನು ಮುಗಿಸಿ ಹೊರಡುವ ಬಸ್ಸು ತಪ್ಪದಿರಲಿ.

ತಂದೆಯ ಮಾತೂ ಇಲ್ಲಿ ಮುಖ್ಯ. ಬೆಂಗಳೂರಿನಲ್ಲೋ ಬೇರೆಲ್ಲೋ ಕೆಲಸದಲ್ಲಿರುವ ತಂದೆ ಫೋನಿನಲ್ಲಿ ಧೈರ್ಯ ಹೇಳಿ ಸುಮ್ಮನಾಗುತ್ತಾನೆ. ಒಳಗೊಳಗೇ ಅವನೂ ಹೆದರಿರುತ್ತಾನೆ. ಸಾಧ್ಯವಾದರೆ ಮರುಪರೀಕ್ಷೆಯ ದಿನ ಅವನೂ ಬಂದು, ವೈದ್ಯರ ಮಾತನ್ನು ಇಬ್ಬರೂ ಒಟ್ಟಿಗೆ ಕೇಳಿಸಿಕೊಳ್ಳುವುದು ಒಳ್ಳೆಯದು. ಒಬ್ಬರು ಕೇಳಿ ಇನ್ನೊಬ್ಬರಿಗೆ ಹೇಳುವಾಗ ಅರ್ಧ ಮಾತು ದಾರಿಯಲ್ಲೇ ಕಳೆದುಹೋಗುತ್ತದೆ.

ಮರುಪರೀಕ್ಷೆ ಎಷ್ಟು ಬೇಗ?

ಇದು ಮೊದಲ ಫಲಿತಾಂಶದ ಮೇಲೆ ನಿಂತಿದೆ. ಟಿ.ಎಸ್.ಎಚ್. 40 ಯೂನಿಟ್‌ಗಿಂತ ಹೆಚ್ಚಿದ್ದರೆ ತಡಮಾಡದೆ ರಕ್ತನಾಳದಿಂದ ರಕ್ತ ತೆಗೆದು ಖಚಿತಪಡಿಸಿಕೊಳ್ಳಬೇಕು. 20ರಿಂದ 40ರ ನಡುವೆ ಇದ್ದರೆ ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಿಗೆ ಮತ್ತೊಮ್ಮೆ ನೋಡುತ್ತಾರೆ. ಅಡ್ರಿನಲ್ ದೋಷ, ಗ್ಯಾಲಕ್ಟೋಸೀಮಿಯದಂಥ ಸಂದೇಹವಿದ್ದರೆ ಒಂದು ದಿನವೂ ಕಾಯುವಂತಿಲ್ಲ, ಏಕೆಂದರೆ ಅವು ಎರಡನೆಯ ವಾರದಲ್ಲೇ ಪ್ರಾಣಾಪಾಯ ತರಬಲ್ಲವು. ಮಗು ಹಾಲು ಬಿಟ್ಟರೆ, ಪದೇ ಪದೇ ವಾಂತಿ ಮಾಡಿದರೆ, ಮಂಕಾಗಿ ಮಲಗಿದರೆ ವರದಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಒಂದು ವೇಳೆ ಥೈರಾಯ್ಡ್ ಕೊರತೆ ನಿಜವೆಂದೇ ತೀರ್ಮಾನವಾದರೆ? ಆಗಲೂ ಎದೆಗುಂದಬೇಕಾಗಿಲ್ಲ. ದಿನಕ್ಕೊಮ್ಮೆ ಥೈರಾಕ್ಸಿನ್ ಮಾತ್ರೆಯನ್ನು ಪುಡಿಮಾಡಿ ಸ್ವಲ್ಪ ಎದೆಹಾಲಿನಲ್ಲಿ ಕಲಸಿ ಕೊಟ್ಟರೆ ಸಾಕು. ಇದು ದುಬಾರಿ ಔಷಧವಲ್ಲ. ಹುಟ್ಟಿದ ಎರಡು ವಾರಗಳೊಳಗೆ ಆರಂಭಿಸಿ ಸರಿಯಾಗಿ ಮುಂದುವರಿಸಿದರೆ ಮಗು ಉಳಿದ ಮಕ್ಕಳಂತೆಯೇ ಬೆಳೆದು ಶಾಲೆಗೆ ಹೋಗುತ್ತದೆ. ಕೆಲವು ಮಕ್ಕಳಲ್ಲಿ ಈ ಕೊರತೆ ತಾತ್ಕಾಲಿಕವಾಗಿರುತ್ತದೆ. ಮೂರು ವರ್ಷದ ನಂತರ ವೈದ್ಯರು ಮಾತ್ರೆ ನಿಲ್ಲಿಸಿ ನೋಡಿ ತೀರ್ಮಾನಿಸುತ್ತಾರೆ. ತಾವಾಗಿಯೇ ನಿಲ್ಲಿಸಬಾರದು. ಪತ್ತೆಯಾಗದೆ ಹೋದ ಮಗುವಿನ ಬುದ್ಧಿಶಕ್ತಿ ಮಾತ್ರ ಕುಂದುತ್ತದೆ, ಅದನ್ನು ಮತ್ತೆ ತರಲು ಸಾಧ್ಯವಿಲ್ಲ. ನೂರು ಮನೆಗಳ ಎರಡು ದಿನದ ಆತಂಕವನ್ನು ನಾವು ಸಹಿಸಿಕೊಳ್ಳುವುದು ಈ ಕೆಲವು ಮಕ್ಕಳಿಗಾಗಿ.

ಕೇಳಬೇಕಾದ ಪ್ರಶ್ನೆಗಳು

ಆಸ್ಪತ್ರೆಯಿಂದ ಕರೆ ಬಂದಾಗ ಸಂಕೋಚಪಡದೆ ಇವನ್ನು ಕೇಳಿ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

1. ಯಾವ ಪರೀಕ್ಷೆಯಲ್ಲಿ ವ್ಯತ್ಯಾಸ ಬಂದಿದೆ? ಎಷ್ಟು ಬಂದಿದೆ, ಎಷ್ಟಿರಬೇಕಿತ್ತು?

2. ಮೊದಲ ರಕ್ತ ತೆಗೆದಾಗ ಮಗುವಿಗೆ ಎಷ್ಟು ಗಂಟೆಯಾಗಿತ್ತು? ಬೇಗ ತೆಗೆದದ್ದೇ ಕಾರಣವಾಗಿರಬಹುದೇ?

3. ಇವತ್ತೇ ಬರಬೇಕೇ, ಎರಡು ದಿನ ಬಿಟ್ಟು ಬಂದರೆ ಆಗುತ್ತದೆಯೇ?

4. ಅಲ್ಲಿಯವರೆಗೆ ಎದೆಹಾಲು ಕೊಡಬಹುದೇ? (ಥೈರಾಯ್ಡ್ ಸಂದೇಹದಲ್ಲಿ ಖಂಡಿತ ಕೊಡಬಹುದು. ಗ್ಯಾಲಕ್ಟೋಸೀಮಿಯದ ಸಂದೇಹವಿದ್ದರೆ ಮಾತ್ರ ವೈದ್ಯರು ಬೇರೆ ಸಲಹೆ ಕೊಡುತ್ತಾರೆ.)

5. ಎರಡನೆಯ ವರದಿ ಯಾವ ದಿನ ಬರುತ್ತದೆ? ಯಾರು ತಿಳಿಸುತ್ತಾರೆ?

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ‘ಏನಾದರೂ ಇದ್ದರೆ ಫೋನ್ ಮಾಡುತ್ತೇವೆ’ ಎಂಬ ಉತ್ತರ ಸಾಲದು. ಫೋನ್ ಬರಲಿಲ್ಲ ಎಂದು ನಿಶ್ಚಿಂತೆಯಾಗುವುದೂ ಕಷ್ಟ, ಪ್ರತಿ ಫೋನಿಗೂ ಬೆಚ್ಚಿಬೀಳುವುದೂ ಕಷ್ಟ. ವರದಿ ಸರಿಯಿದ್ದರೂ ತಿಳಿಸಬೇಕೆಂದು ಕೇಳಿಕೊಳ್ಳಿ.

ವರದಿ ಸರಿ ಬಂದ ಮೇಲೆ

‘ನಾರ್ಮಲ್’ ಎಂಬ ಒಂದು ಪದ ಕೇಳಿ ಓಡಿ ಬರಬೇಡಿ. ಎರಡು ನಿಮಿಷ ಕುಳಿತು ವೈದ್ಯರನ್ನು ಕೇಳಿ: ‘ಹಾಗಾದರೆ ಈ ಕಾಯಿಲೆ ನಮ್ಮ ಮಗುವಿಗೆ ಇಲ್ಲವೇ? ಇನ್ನು ಮುಂದೆ ಇದಕ್ಕಾಗಿ ಮತ್ತೆ ಪರೀಕ್ಷೆ ಬೇಕೇ? ವಿಶೇಷ ಆಹಾರ, ಔಷಧ ಏನಾದರೂ ಬೇಕೇ?’ ಉತ್ತರವನ್ನು ಮಗುವಿನ ತಾಯಿ ಕಾರ್ಡಿನಲ್ಲಿ ಅಥವಾ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಿಗೆ ಕೆಲವು ವಾರಗಳ ನಂತರ ಇನ್ನೊಮ್ಮೆ ಪರೀಕ್ಷೆ ಬೇಕಾಗಬಹುದು, ಅದರ ದಿನಾಂಕವನ್ನೂ ಬರೆಸಿಕೊಳ್ಳಿ. ಮುಂದೆ ಎಂದಾದರೂ ಅಳುಕು ಬಂದಾಗ ಆ ಚೀಟಿ ನಿಮ್ಮ ಧೈರ್ಯಕ್ಕಿರುತ್ತದೆ. ಬೇರೆ ಊರಿನ ವೈದ್ಯರಿಗೂ ಅದು ಉಪಯೋಗ.

ನಂತರ ಮಗುವನ್ನು ಎಲ್ಲ ಮಕ್ಕಳಂತೆ ಬೆಳೆಸಿ. ಲಸಿಕೆಗಳನ್ನು ಸಮಯಕ್ಕೆ ಹಾಕಿಸಿ. ದಿನವೂ ತೂಕ ನೋಡುವುದು, ಪದೇ ಪದೇ ರಕ್ತಪರೀಕ್ಷೆ ಮಾಡಿಸುವುದು, ಬೇಕೆಂದೇ ಡಬ್ಬಿಯ ಹಾಲು ಆರಂಭಿಸುವುದು ಬೇಡ. ನೆಂಟರು ‘ಏನೋ ಆಗಿತ್ತಂತೆ’ ಎಂದು ವಿಚಾರಿಸಿದರೆ ‘ಪರೀಕ್ಷೆ ಇನ್ನೊಮ್ಮೆ ಮಾಡಿದರು, ಏನೂ ಇಲ್ಲ’ ಎಂದು ಅಲ್ಲಿಗೇ ಮುಗಿಸಿ.

ಇಷ್ಟಾದರೂ ತಾಯಿಗೆ ಎರಡು ವಾರಗಳಿಗಿಂತ ಹೆಚ್ಚು ಕಾಲ ಕಾರಣವಿಲ್ಲದೆ ಅಳು, ಮಗು ಮಲಗಿದ್ದರೂ ತಾನು ಮಲಗಲಾಗದಿರುವುದು, ಊಟ ಸೇರದಿರುವುದು, ಮಗುವಿನ ಮೇಲೆ ಮನಸ್ಸೇ ಹೋಗದಿರುವುದು ಕಂಡುಬಂದರೆ ಅದು ಹೆರಿಗೆಯ ನಂತರದ ಖಿನ್ನತೆ ಇರಬಹುದು. ‘ಬಾಣಂತಿ ಸನ್ನಿ’ ಎಂದು ಹೆದರಿ ಮುಚ್ಚಿಡುವ ವಿಷಯ ಇದಲ್ಲ. ಚಿಕಿತ್ಸೆಯಿಂದ ಗುಣವಾಗುತ್ತದೆ. ಹೆರಿಗೆ ಮಾಡಿಸಿದ ವೈದ್ಯರ ಬಳಿ ಹೇಳಿ, ಇಲ್ಲವೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಒಂದು ಗಂಟೆಯೂ ತಡಮಾಡದೆ, ತಾಯಿಯನ್ನು ಒಬ್ಬಳೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಆಸ್ಪತ್ರೆಯವರಿಗೆ ಒಂದು ಮಾತು

ಆಸ್ಪತ್ರೆಯ ಸಿಬ್ಬಂದಿಗೆ ಕೆಲಸ ಬಹಳ, ಸಮಯ ಕಡಿಮೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಹಿಮ್ಮಡಿಯ ರಕ್ತ ತೆಗೆಯುವಾಗಲೇ ‘ಕೆಲವು ಮಕ್ಕಳನ್ನು ಮತ್ತೆ ಕರೆಯುತ್ತೇವೆ, ಹೆಚ್ಚಿನವರಿಗೆ ಏನೂ ಇರುವುದಿಲ್ಲ’ ಎಂದು ಹೇಳಿದ್ದರೆ ಮುಂದಿನ ಕರೆ ಸಿಡಿಲಿನಂತೆ ಎರಗುವುದಿಲ್ಲ. ಕರೆ ಮಾಡುವಾಗ ಪರೀಕ್ಷೆಯ ಹೆಸರು, ಕಾರಣ, ಬರಬೇಕಾದ ದಿನ ಈ ಮೂರನ್ನು ಹೇಳಲು ಒಂದು ನಿಮಿಷ ಸಾಕು. ಭದ್ರಾವತಿ, ತೀರ್ಥಹಳ್ಳಿ, ಹೊಸನಗರದಂಥ ಊರುಗಳಿಂದ ಹಸಿ ಬಾಣಂತಿ ಬರಬೇಕಾದಾಗ ಅವರನ್ನು ಸಾಲಿನಲ್ಲಿ ಕಾಯಿಸದೆ ಬೇಗ ಕಳಿಸಿಕೊಟ್ಟರೆ ಅದೂ ಚಿಕಿತ್ಸೆಯೇ.

ಇನ್ನು ಬಸುರಿಯರಿರುವ ಮನೆಯವರು ಈಗಲೇ ಒಂದು ಕೆಲಸ ಮಾಡಬಹುದು. ಹೆರಿಗೆಗೆ ಹೋಗುವ ಮೊದಲೇ ‘ಮಗುವಿಗೆ ಯಾವ ಸ್ಕ್ರೀನಿಂಗ್ ಮಾಡುತ್ತೀರಿ, ಹುಟ್ಟಿ ಎಷ್ಟು ಗಂಟೆಗೆ ಮಾಡುತ್ತೀರಿ’ ಎಂದು ವೈದ್ಯರನ್ನು ಕೇಳಿಡಿ. ಆಸ್ಪತ್ರೆಯಿಂದ ಹೊರಡುವಾಗ ತವರುಮನೆಯ ಫೋನ್ ನಂಬರನ್ನೂ ಬರೆಸಿ ಬನ್ನಿ. ಕರೆ ಬಂದರೆ ಪ್ರಶ್ನೆಗಳ ಚೀಟಿ ತೆಗೆದುಕೊಂಡು ಹೋಗಿ, ಪರೀಕ್ಷೆ ಮಾಡಿಸಿ, ಉತ್ತರ ಬರೆಸಿಕೊಂಡು ಬನ್ನಿ. ವರದಿ ಸರಿಯಿದ್ದರೆ ನಾಮಕರಣದ ಕೆಲಸ ನೋಡಿ.